ಕೊಸರು

ಸೋಮವಾರ ಬೆಳಿಗ್ಗೆ ನನ್ನೆಸಾಬನ ಫೋನು:
"ಫಿಟ್ಟರ್ ಸಾಹೇಬ್ರ, ಎರಡು ಬಂದಾವು,
ಬೇರಿನವೇ. ಇನ್ನೂ ಯಾರಿಗೂ ತೋರ್ಸಿಲ್ಲ."
ತೋರಿಸಲು ಯಾರಿದ್ದಾರೆ ದಾವಣಗೆರೆಯಲ್ಲಿ
ನನ್ನ ಬಿಟ್ಟು ಪೈಪು ಕೂಡಿಡುವವರು?
ವ್ಯಾಪಾರದ ಮಾತು. ಆದರೂ ಕೇಳಲು ಹಿತ.

ಮಂಡಿಪೇಟೆಯ ಮೆಣಸಿನಕಾಯಿ ಘಾಟು ದಾಟಿದರೆ
ಅವನ ಗುಜರಿ. ಹೊಲಿಗೆ ಯಂತ್ರದ ತಲೆಗಳು,
ಮುಳ್ಳಿಲ್ಲದ ಗಡಿಯಾರ,
ಯಾರದೋ ಮದುವೆಯ ಹೆಸರು ಕೊರೆದ ಹಿತ್ತಾಳೆ ಕೊಡ.
ಗೋಣಿತಟ್ಟಿನ ಮೇಲೆ ಹಳೇ ಪತ್ರಿಕೆ,
ಅದರ ಮೇಲೆ ಎರಡು ಪೈಪು
ಅಕ್ಕಪಕ್ಕ, ಮಾತು ಬಿಟ್ಟ ದಾಯಾದಿಗಳ ಹಾಗೆ.

ಮೊದಲು ತೂಕ.
ಖಾಲಿ ಬಾಬಿನ್ನಿನಷ್ಟಿದ್ದರೆ ಸರಿ,
ಹೆಚ್ಚಿದ್ದರೆ ಬೇರು ಇನ್ನೂ ಹಸಿ.
ಬ್ರಯರು ನಮ್ಮ ಕಡೆಯ ಗಿಡವಲ್ಲ;
ಎಲ್ಲೋ ಕಡಲ ದಂಡೆಯ ಕಲ್ಲುನೆಲದಲ್ಲಿ
ಮೇಲೆ ಬರೀ ಪೊದೆ, ಕೆಳಗೆ ಹಟ, ಗಂಟುಗಂಟು.
ಅಗೆದು, ಕುದಿಸಿ, ನೆರಳಲ್ಲಿ ವರ್ಷಗಟ್ಟಲೆ ಮರೆತು
ಆಮೇಲೆ ಕೊರೆಯುತ್ತಾರಂತೆ.
ಬಡಗಿ ಮೌನೇಶಾಚಾರಿ ಒಮ್ಮೆ ಉಗುರಲ್ಲಿ ಕೆರೆದು
"ಜಾಲಿ ಬೇರೂ ಇಷ್ಟು ಮೊಂಡಲ್ಲ ಬಿಡು" ಅಂದಿದ್ದ.

ಆಮೇಲೆ ನೂಲು.
ಮರದ ಎಳೆಗೆ ನಾನು ಅನ್ನುವುದೇ ನೂಲು.
ಒಂದರಲ್ಲಿ ಬುಡದಿಂದ ಬಾಯಿಯವರೆಗೆ ನೇರ,
ನಲವತ್ತರ ಕೌಂಟು, ಎಲ್ಲೂ ಹರಿದಿಲ್ಲ;
ಬುಡ ತಿರುಗಿಸಿದರೆ ಹಕ್ಕಿಗಣ್ಣುಗಳು,
ನೋಡಿದವರನ್ನು ನೋಡುತ್ತವೆ.
ಇನ್ನೊಂದರ ಹೊಟ್ಟೆಯಲ್ಲಿ ಗುಳಿ.
ಲಪ್ಪ ತುಂಬಿ ಬಣ್ಣ ಹಚ್ಚಿದ್ದಾರೆ;
ಬಿಸಿಲಿಗೆ ಹಿಡಿದರೆ ಸುಳ್ಳಿನ ಬಣ್ಣವೇ ಬೇರೆ.

ನನ್ನೆಸಾಬ ಚಾ ತರಿಸಿದ.
ನಾನು ಅವನ ಕಸಬರಿಗೆಯಿಂದ ಒಂದು ಕಡ್ಡಿ ಮುರಿದೆ.
ಕೊಳವೆಯಿಂದ ಹೊಕ್ಕ ಕಡ್ಡಿ
ಬಟ್ಟಲಿನ ತಳದ ನಟ್ಟನಡುವೆ ಮೂತಿ ತೋರಬೇಕು,
ಒಂದೆಳೆ ಮೇಲಾದರೂ ತಳದಲ್ಲಿ ನೀರು ನಿಲ್ಲುತ್ತದೆ.
ಮೂವತ್ತೊಂದು ವರ್ಷ ಮಿಲ್ಲಿನಲ್ಲಿ ನಾನು ಮಾಡಿದ್ದೂ ಇಷ್ಟೇ:
ತೂತಿಗೆ ತೂತು ಕೂಡಿಸಿದ್ದು.

ಕೊನೆಗೆ ಉಸಿರು.
ಹೊಗೆ ನನಗೆ ಆಗದು. ಹತ್ತಿಯ ಧೂಳು ಒಳಗೆ ಕೂತಿದೆ,
ಡಾಕ್ಟರು ಎಕ್ಸರೇ ಕಿಟಕಿಗೆ ಹಿಡಿದು
"ಇದು ಎದೆನೋ ದಿಂಬೋ?" ಅಂದಿದ್ದರು.
ಮನೆಯ ಹನ್ನೊಂದಕ್ಕೂ ನಾನು ಬೆಂಕಿ ತೋರಿಸಿಲ್ಲ,
ಬರಿಗಾಳಿ ಎಳೆಯುತ್ತೇನೆ.
ಒಳ್ಳೇ ಪೈಪು ಸಿಳ್ಳೆ ಹಾಕುವುದಿಲ್ಲ.
ನೇರ ನೂಲಿನದು ಹಾಕಲಿಲ್ಲ.
ಕೇಳಿದ ಸಿಳ್ಳೆ ನನ್ನ ಎದೆಯದು,
ಅದಕ್ಕೆ ಪೈಪು ಜವಾಬ್ದಾರಿಯಲ್ಲ.

ಎರಡನೆಯದನ್ನು ಬಾಯಿಗಿಡಲಿಲ್ಲ.
ಕರಿ ಕೊಳವೆಯ ಎಡಕ್ಕೆ ಎರಡು ಹಲ್ಲಿನ ಗುರುತು,
ನಡುವೆ ಬಿಡುವು.
ಆ ಬಿಡುವು ನನಗೆ ಗೊತ್ತು.
ಕೊಯಮತ್ತೂರಿನ ದೊರೈರಾಜು, ಸ್ಪಿನ್ನಿಂಗ್ ಮಾಸ್ಟರು.
ಮಿಲ್ಲೊಳಗೆ ಬೆಂಕಿಕಡ್ಡಿ ತಂದರೆ ಯಾರಿಗಾದರೂ ಕೆಲಸ ಹೋಗುತ್ತಿತ್ತು,
ಖಾಲಿ ಪೈಪು ಕಚ್ಚಿಕೊಂಡೇ ಬರುತ್ತಿದ್ದ,
ಆ ಸದ್ದಿನೊಳಗೆ ಅದರಲ್ಲೇ ತೋರಿಸುತ್ತಿದ್ದ:
ಅಲ್ಲಿ ಎಳೆ ಹರಿದಿದೆ. ಇಲ್ಲಿ ದಂಡ.
ನನಗೆ ಮೂರು ಸಲ, ಅರ್ಧರ್ಧ ದಿನದ ಸಂಬಳ.
ಅಥವಾ ಬೇರೆ ಯಾರದೋ ಹಲ್ಲು.
ಇಷ್ಟು ದೊಡ್ಡ ಊರಲ್ಲಿ ಬಿಡುವು ಹಲ್ಲಿನವ ಅವನೊಬ್ಬನೇ?

"ಇದು ಬೇಡ" ಅಂದೆ.
ಮೊದಲನೆಯದು ಎರಡು ಸಾವಿರದಿಂದ ಇಳಿದು
ಸಾವಿರದ ನಾನ್ನೂರಕ್ಕೆ ನಿಂತಿತು.
ಎದ್ದೆ. ಅವನು ಪತ್ರಿಕೆಯಲ್ಲಿ ಎರಡನ್ನೂ ಸುತ್ತುತ್ತಿದ್ದ.
"ಕೊಸರು ಇರ್ಲಿ ಸಾಹೇಬ್ರ.
ಸೊಪ್ಪಿನವಳೂ ನಾಕು ಕಡ್ಡಿ ಕೊತ್ತಂಬರಿ ಇಡ್ತಾಳೆ,
ನಾನು ಅಷ್ಟಕ್ಕೂ ಇಲ್ವ?"

ಮಂಡಕ್ಕಿಗೆ ಒಗ್ಗರಣೆ ಹಾಕುತ್ತ ಹಾಲಮ್ಮ ಪೊಟ್ಟಣ ನೋಡಿದಳು.
"ಹನ್ನೆರಡಾತೋ, ಹದಿಮೂರೋ?"
ಹನ್ನೆರಡು, ಅಂದೆ.
ಗಾಜಿನ ಕಪಾಟಿನಲ್ಲಿ ಹೊಸದಕ್ಕೆ ಮೊದಲೇ ಜಾಗವಿತ್ತು.
ಕೊಸರು ಮೊಳೆಡಬ್ಬಿಯಲ್ಲಿದೆ
ಸ್ಕ್ರೂ, ಅಂಗಿಗುಂಡಿ, ಬೀಗ ಕಳೆದ ಕೀಲಿಗಳ ಜೊತೆ.

ರಾತ್ರಿ ಎದ್ದು, ಅವಳಿಗೆ ಹೇಳಬೇಡಿ,
ಅದಕ್ಕೂ ಕಡ್ಡಿ ಹಾಕಿ ನೋಡಿದೆ.
ಹೊಟ್ಟೆಗೆ ಲಪ್ಪ, ನೂಲು ಸೊಟ್ಟ,
ತೂತು ಮಾತ್ರ ನೇರ.
ನಟ್ಟನಡುವೆ. ಒಂದೆಳೆಯೂ ಆಚೀಚೆ ಇಲ್ಲ.